ಹತ್ತೂರು ಬಜಾರಿನ ಕೊಸರು ಡಬ್ಬ

ಕೆಲವರಿಗೆ ಊಟವಾದ ಮೇಲೆ ಎಲೆ ಅಡಿಕೆ ಹಾಕದಿದ್ದರೆ ಊಟ ಮಾಡಿದಂತೆಯೇ ಆಗುವುದಿಲ್ಲವಂತೆ. ನನಗೆ ಕೊಸರು ಸಿಗದಿದ್ದರೆ ವ್ಯಾಪಾರ ಮಾಡಿದಂತೆ ಆಗುವುದಿಲ್ಲ. ತೂಕವಾಗಿ, ದುಡ್ಡು ಕೊಟ್ಟು, ಇನ್ನೇನು ಚೀಲದ ಬಾಯಿ ಮುಚ್ಚಬೇಕು ಅನ್ನುವಾಗ ಅಂಗಡಿಯವರು ಮೇಲಿಂದ ಒಂದಿಷ್ಟು ಹಾಕುತ್ತಾರಲ್ಲ, ಆ ಒಂದಿಷ್ಟು. ತರಕಾರಿಯಾದರೆ ನಾಲ್ಕು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು. ಹೂವಾದರೆ ಮಾರು ಅಳೆದ ಮೇಲೆ ಒಂದು ಗೇಣು. ಈ ಚಾಳಿ ನನಗೆ ಬಂದದ್ದು ನನ್ನ ತಾಯಿಯಿಂದ. ಹಳೇಕೋಟೆ ಸಂತೆಯಲ್ಲಿ ಅವಳು ವ್ಯಾಪಾರ ಮುಗಿಸಿದ ಮೇಲೂ ಕೂತಲ್ಲಿಂದ ಏಳುತ್ತಿರಲಿಲ್ಲ. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕೈ ಬುಟ್ಟಿಯ ಅಂಚಿನ ಮೇಲೆ, ಮುಖ ಮಾತ್ರ ಬೇರೆಲ್ಲೋ ಬಳೆ ಅಂಗಡಿಯ ಕಡೆಗೆ. ಬಾಯಿಬಿಟ್ಟು ಕೇಳುವುದೂ ಇಲ್ಲ, ಎದ್ದು ಹೋಗುವುದೂ ಇಲ್ಲ. ಮಾರುವವಳು ಗೊಣಗಿಕೊಂಡು ಒಂದು ಹಿಡಿ ಬೀನ್ಸ್ ಎತ್ತಿ ಬುಟ್ಟಿಗೆ ಹಾಕಿದಳು ಅನ್ನಿ, ಅಮ್ಮ ಆಗಷ್ಟೇ ಅವಳನ್ನು ನೋಡಿದವಳ ಹಾಗೆ ಮುಖ ತಿರುಗಿಸಿ, ಮಕ್ಕಳು ಚೆನ್ನಾಗಿದಾರಾ ಎಂದು ವಿಚಾರಿಸಿ ಏಳುತ್ತಿದ್ದಳು.

ಅಮ್ಮ ಸಂತೆಗೆ ಮಾತ್ರ ಸೀಮಿತಳಾಗಿದ್ದಳು, ನಾನು ಆ ಗಡಿಯನ್ನೂ ದಾಟಿದ್ದೇನೆ. ಒಮ್ಮೆ ಔಷಧಿ ಅಂಗಡಿಯಲ್ಲಿ ಜ್ವರದ ಮಾತ್ರೆ ಕೊಂಡು, ಅಭ್ಯಾಸಬಲದಿಂದ ಹಾಗೆಯೇ ನಿಂತುಬಿಟ್ಟೆ. ಅಂಗಡಿಯವನು ಅರ್ಥಮಾಡಿಕೊಂಡು, "ಅಕ್ಕ, ಮಾತ್ರೆಗೆಲ್ಲ ಕೊಸರು ಕೇಳ್ಬಾರ್ದು ಕಣಕ್ಕ, ಜ್ವರಾನೂ ಒಂದ್ ದಿನ ಕೊಸರು ಕೇಳ್ತದೆ" ಎಂದ. ನಮ್ಮ ಮನೆಯವರು ಈ ಕಥೆಯನ್ನು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅವರು ಲೈನ್‌ಮನ್. ಕಂಬದ ಮೇಲೆ ಹತ್ತಿದಾಗ ಬಿಟ್ಟರೆ ಉಳಿದ ಹೊತ್ತೆಲ್ಲ ನನ್ನನ್ನು ಆಡಿಕೊಳ್ಳುವುದೇ ಕೆಲಸ. "ಯಮ ಬಂದು ನಿಂತ್ರೂವೆ ಇವ್ಳು ಕೊಸರಿಗೆ ಅಂತ ಎರಡು ದಿನ ಇಸ್ಕೊಂಡೇ ಹೊರಡೋದು" ಎನ್ನುತ್ತಾರೆ. ಹಾಗೆ ಕೇಳಿದರೆ ಯಮನೂ ಕೊಡುತ್ತಾನೆ ಅನ್ನುವುದು ನನ್ನ ನಂಬಿಕೆ.

ಇಂಥ ನನ್ನನ್ನು ವಿಧಿ ಕೊಸರು ಕೊಡುವವರ ಕಡೆಗೆ ಕೂರಿಸಿತು. ಹೊಳೆನರಸೀಪುರದ ಹತ್ತೂರು ಬಜಾರಿನ ಕೌಂಟರಿನಲ್ಲಿ ನಾನು ಕೂತದ್ದು ಮದುವೆಯಾಗಿ ಬಂದ ಹೊಸತರಲ್ಲಿ. ಅದರ ಮಾಲೀಕರು ತಿಮ್ಮಪ್ಪನವರು. ಕಟ್ಟಾಯ, ಹಳೇಕೋಟೆ ಅಂತ ಸಂತೆಯಿಂದ ಸಂತೆಗೆ ಹೋಗಿ, ನೆಲದ ಮೇಲೆ ದುಪ್ಪಟಿ ಹಾಸಿ ಗಾಜಿನ ಲೋಟ, ಪ್ಲಾಸ್ಟಿಕ್ ಚೊಂಬು ಮಾರುತ್ತಿದ್ದವರು. ಆಮೇಲೆ ಹೊಳೆನರಸೀಪುರದಲ್ಲಿ ಒಂದು ಮಳಿಗೆ ಹಿಡಿದರು, ಪಕ್ಕದ ಮಳಿಗೆಯನ್ನೂ ಹಿಡಿದು ನಡುವಿನ ಗೋಡೆ ಒಡೆದರು, ಅರಕಲಗೂಡಿನಲ್ಲೂ ಒಂದು ತೆರೆದರು. ಬಟ್ಟೆ, ಪಾತ್ರೆ, ಚಪ್ಪಲಿ, ಸ್ಕೂಲ್ ಬ್ಯಾಗು, ಊದುಬತ್ತಿ, ಕೊಡೆ, ಎಲ್ಲವೂ ಒಂದೇ ಕಡೆ, ಎಲ್ಲವೂ ಬೇರೆ ಕಡೆಗಿಂತ ಕಡಿಮೆಗೆ. ಈಗ ಕೇಳಿದರೆ ಇದರಲ್ಲೇನು ವಿಶೇಷ ಅನ್ನಿಸುತ್ತದೆ. ಆಗ ಜನ ಬಸ್ಸಿಳಿದು ಸುಮ್ಮನೆ ಒಳಗೆ ಬಂದು ಒಂದು ಸುತ್ತು ಹಾಕಿ, ಕೊನೆಯಲ್ಲಿದ್ದ ಆಳೆತ್ತರದ ಕನ್ನಡಿಯಲ್ಲಿ ತಲೆಯಿಂದ ಪಾದದವರೆಗೆ ತಮ್ಮನ್ನು ನೋಡಿಕೊಂಡು ಹೋಗುತ್ತಿದ್ದರು. ಎಷ್ಟೋ ಹೆಂಗಸರು ತಮ್ಮ ಸೀರೆಯ ನೆರಿಗೆ ಹೇಗೆ ಕೂತಿದೆ ಅಂತ ಮೊದಲ ಸಲ ನೋಡಿದ್ದು ನಮ್ಮ ಅಂಗಡಿಯಲ್ಲೇ. ನಾನೂ ಅವರಲ್ಲಿ ಒಬ್ಬಳು, ಕೆಲಸಕ್ಕೆ ಸೇರಿದ ದಿನವೇ.

ಆ ದಿನ ತಿಮ್ಮಪ್ಪನವರು ನನ್ನ ಮುಂದೆ ಒಂದು ಹಳೇ ಬಿಸ್ಕತ್ತಿನ ಡಬ್ಬ ತಂದಿಟ್ಟರು. ಮುಚ್ಚಳದ ಮೇಲೆ ಒಂದು ಗಿಣಿಯ ಚಿತ್ರ, ಗಿಣಿಯ ಮೂಗು ಸವೆದುಹೋಗಿತ್ತು. "ನೋಡವ್ವ ಜಯಮ್ಮ, ಗಲ್ಲಾ ಬೇಕಾರೆ ನಾನು ನೋಡ್ಕತೀನಿ. ಈ ಡಬ್ಬ ಮಾತ್ರ ನೀನು ನೋಡ್ಕಬೇಕು. ಜನ ಒಂದ್ ಕಿತ ಸಾಮಾನಿಗೆ ಬತ್ತಾರೆ, ಇನ್ನೊಂದ್ ಕಿತ ಬರೋದು ಇದುಕ್ಕೇಯ" ಎಂದರು. ಡಬ್ಬದೊಳಗೆ ಕೆಂಪು ಟೇಪು, ತಲೆಪಿನ್ನು, ಸೇಫ್ಟಿ ಪಿನ್ನು, ಪುಟ್ಟ ಬಾಚಣಿಗೆ, ಪೆಪ್ಪರಮೆಂಟು ಎಲ್ಲ ಇದ್ದವು. ಕಾಲ ಬದಲಾದ ಹಾಗೆ ಡಬ್ಬವೂ ಬದಲಾಯಿತು. ಟೇಪು ಹೋಗಿ ರಬ್ಬರ್ ಬ್ಯಾಂಡ್ ಬಂತು, ಕುಂಕುಮದ ಪೊಟ್ಟಣ ಹೋಗಿ ಸ್ಟಿಕ್ಕರ್ ಬೊಟ್ಟು ಬಂತು, ನಡುವೆ ಬಾಲ್‌ಪೆನ್ನಿನ ರೀಫಿಲ್ಲಿನ ಕಾಲ ಒಂದಿತ್ತು, ಮೊಬೈಲು ಬಂದ ಮೇಲೆ ಅದರ ಬೆನ್ನಿಗೆ ಅಂಟಿಸುವ ದೇವರ ಚಿತ್ರಗಳು ಬಂದವು. ಇವತ್ತಿಗೂ ಪೇಟೆಬೀದಿಯಲ್ಲಿ ನಡೆಯುವಾಗ ಮುಂದಿನವಳ ತುರುಬಿನ ಪಿನ್ನು ನೋಡಿ, ಇದು ನಾನು ಕೊಟ್ಟದ್ದು ಅಂತ ಗುರುತು ಹಿಡಿಯುತ್ತೇನೆ. ನಮ್ಮ ಮನೆಯವರಿಗೆ ತಾವು ಸರಿಮಾಡಿದ ಕಂಬ ಕಂಡರೆ ಆಗುತ್ತದಲ್ಲ, ಅಂಥದೇ ಒಂದು ಹೆಮ್ಮೆ.

ಕೊಸರು ಕೊಡುವುದು ಸುಲಭವಲ್ಲ. ಕೇಳದೆ ಕೊಟ್ಟರೆ ಅವಮಾನ, ಕೇಳಿದ ತಕ್ಷಣ ಕೊಟ್ಟರೆ ಅಸಡ್ಡೆ. ಮೊದಲು ಇಲ್ಲ ಅನ್ನಬೇಕು. ಅವರು ಮುಖ ಸಣ್ಣ ಮಾಡಬೇಕು. ನಾವು ನಿಟ್ಟುಸಿರು ಬಿಟ್ಟು ಡಬ್ಬಕ್ಕೆ ಕೈಹಾಕಿ, ಗಲಗಲ ಸದ್ದು ಮಾಡಿ ಹುಡುಕಬೇಕು. ಅದರಲ್ಲಿ ಏನೇನಿದೆ ಅಂತ ನಮಗೆ ಗೊತ್ತಿರುತ್ತದೆ, ಅವರಿಗೂ ಗೊತ್ತಿರುತ್ತದೆ, ಆದರೂ ಹುಡುಕಬೇಕು. ಇದನ್ನೆಲ್ಲ ನನಗೆ ಅರೆದು ಕುಡಿಸಿದವರು ಹಳೇಕೋಟೆ ಕಡೆಯ ಚಿಕ್ಕತಾಯಮ್ಮ. ನನ್ನ ತಾಯಿಯ ವಾರಗೆಯವರು. ಅವರು ಒಂದು ಬಕೆಟ್ ಕೊಂಡರೂ ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಸ್ಥಾಪಿತರಾಗಿಬಿಡುತ್ತಿದ್ದರು.

"ಇಷ್ಟೇನವ್ವ?"

"ಇಷ್ಟೇ ಕಣಮ್ಮ. ಬಕೆಟ್ಟೇ ಕಮ್ಮಿಗೆ ಕೊಟ್ಟಿದೀವಿ."

"ನೀನು ಬಕೀಟು ಕೊಟ್ಟೆ, ನಾನು ದುಡ್ಡು ಕೊಟ್ಟೆ. ಅಲ್ಗೆ ಸಮ ಆಗೋಯ್ತು. ಈಗ ನನ್ ಮಕ ನೋಡಿ ಏನ್ ಕೊಟ್ಟೀಯ ಅದ್ ಯೋಳು."

ನಾನು ನಿಟ್ಟುಸಿರು ಬಿಟ್ಟು, ಡಬ್ಬವನ್ನು ಗಲಗಲ ಅನ್ನಿಸಿ, ಒಂದು ಬಾಚಣಿಗೆ ತೆಗೆದು ಕೊಡುತ್ತಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು, ಒಂದೊಂದೇ ಹಲ್ಲಿನ ಮೇಲೆ ಬೆರಳಾಡಿಸಿ, ಮುರಿದಿಲ್ಲ ಅಂತ ಖಾತ್ರಿ ಮಾಡಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಗೌರಿಹಬ್ಬದ ಹಿಂದಿನ ಸಂಜೆಗಳಲ್ಲಂತೂ ಹೀಗೆ ಸ್ಟೂಲಿಗೆ ಕಾಯುವವರ ಸಾಲು ಬಾಗಿಲ ತನಕ ಇರುತ್ತಿತ್ತು. ಹೊಸ ಪ್ಲಾಸ್ಟಿಕ್ಕಿನ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ, ಎಲ್ಲರ ತಲೆಯ ಮಲ್ಲಿಗೆಯ ವಾಸನೆ ಸೇರಿ ತಲೆ ತಿರುಗುತ್ತಿತ್ತು. ತಿಮ್ಮಪ್ಪನವರು ಬಾಗಿಲಲ್ಲಿ ನಿಂತು, ಕೊನೆಯ ಬಸ್ಸು ಹೊರಡುತ್ತದೆ ಅಂತ ಜನರನ್ನು ಅವಸರ ಮಾಡುತ್ತಿದ್ದರು, ಕಂಡಕ್ಟರಿಗೆ ಹೇಳಿ ಬಸ್ಸನ್ನು ನಿಲ್ಲಿಸುತ್ತಲೂ ಇದ್ದರು. ಆ ಸಂಜೆಗಳು ಇನ್ನೊಮ್ಮೆ ಬರಬಾರದೇ ಅಂತ ಈಗ ಅನ್ನಿಸುತ್ತದೆ. ಆಗ ಮಾತ್ರ ಕಾಲು ನೋವು, ಸೊಂಟ ನೋವು ಅಂತ ಗೊಣಗುತ್ತಲೇ ಇದ್ದೆ.

ನಮಗೊಬ್ಬರು ಎದುರಾಳಿ ಇದ್ದರು. ಚನ್ನರಾಯಪಟ್ಟಣದ ಏಕದರ ಭಂಡಾರ್. ಅದರ ಮಾಲೀಕರು ಮರಿಯಪ್ಪನವರು, ಕೊಬ್ಬರಿ ವ್ಯಾಪಾರದಿಂದ ಬಂದವರು. ಅವರ ಅಂಗಡಿಯಲ್ಲಿ ಒಂದೇ ಬೆಲೆ, ಒಂದೇ ಮಾತು. ಕೌಂಟರಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಚೌಕಾಸಿ ಮಾಡಬೇಡಿ, ಕೊಸರು ಕೇಳಬೇಡಿ' ಎಂದು ಬರೆಸಿದ್ದರು. ಅದರ ಕೆಳಗೆ ದೇವರ ಪಟ. ದೇವರಿಗೂ ಅಲ್ಲಿ ಒಂದೇ ಊದುಬತ್ತಿ ಅಂತ ತಿಮ್ಮಪ್ಪನವರು ಹಂಗಿಸುತ್ತಿದ್ದರು. ಆದರೆ ಏನೇ ಹೇಳಿ, ಬೆಲೆ ಮಾತ್ರ ನಮಗಿಂತ ಒಂದು ಕೂದಲೆಳೆಯಷ್ಟು ಕಡಿಮೆ. ನನ್ನ ಸ್ವಂತ ತಂಗಿಯನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದೆ. ಅವಳು ಬರುವಾಗಲೆಲ್ಲ ನನಗೊಂದು ಸ್ಟೀಲ್ ಡಬ್ಬಿಯನ್ನೋ ಜಾಲರಿಯನ್ನೋ ತರುತ್ತಿದ್ದಳು. ಅದರ ತಳದಲ್ಲಿ ಏಕದರದ ಚೀಟಿ ಅಂಟಿರುತ್ತಿತ್ತು. ನಾನು ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಉಗುರಿನಿಂದ ಕೆರೆದು, ಗುರುತೇ ಸಿಗದಂತೆ ಮಾಡಿ ಅಡುಗೆಮನೆಯಲ್ಲಿಡುತ್ತಿದ್ದೆ. "ಒಳ್ಳೇ ಕಳ್ಳಮಾಲು ಇಟ್ಟಂಗೆ ಇಡ್ತೀಯಲ್ಲಕ್ಕ" ಎಂದು ಅವಳು ನಗುತ್ತಿದ್ದಳು. ಅನ್ನ ಕೊಡುವ ಅಂಗಡಿಗೆ ದ್ರೋಹ ಬಗೆಯಬಾರದಲ್ಲ.

ಹಾಸನದಲ್ಲೊಂದು ಶಾಖೆ ಮಾಡಿದ ಮರಿಯಪ್ಪನವರು, ಆಮೇಲೆ ಹೊಳೆನರಸೀಪುರಕ್ಕೂ ಬಂದು ನಮ್ಮ ಎದುರುಗಡೆಯೇ ತಳವೂರಿದರು. ನಾವು ಬಕೆಟ್ಟಿನ ಬೆಲೆ ಇಳಿಸಿದರೆ ಅವರು ಬಿಂದಿಗೆಯ ಬೆಲೆ ಇಳಿಸುತ್ತಿದ್ದರು. ಅವರು ಬೆಡ್‌ಶೀಟಿಗೆ ರಿಯಾಯಿತಿ ಬಿಟ್ಟರೆ ನಾವು ದಿಂಬಿಗೆ ಬಿಡುತ್ತಿದ್ದೆವು. ನಮ್ಮ ಜನ ಎಂಥ ಜಾಣರು ನೋಡಿ, ಮದುವೆಗೆ ಬೇಕಾದ ಪಾತ್ರೆಯೆಲ್ಲ ಎದುರುಗಡೆ ಕಡಿಮೆ ಬೆಲೆಗೆ ಕೊಂಡು, ರಸ್ತೆ ದಾಟಿ ನಮ್ಮಲ್ಲಿಗೆ ಬಂದು ಒಂದು ಸೋಪು ಕೊಂಡು, ಅಷ್ಟೂ ಪಾತ್ರೆಗೆ ಸಲ್ಲಬೇಕಾದ ಕೊಸರನ್ನು ನನ್ನ ಹತ್ತಿರ ಕೇಳುತ್ತಿದ್ದರು. "ಅಲ್ಲಿ ಕೊಡಕ್ಕಿಲ್ಲ ಕಣವ್ವ, ಅದುಕ್ಕೇ ಬಂದೊ" ಅಂತ ನೇರವಾಗಿ ಹೇಳುತ್ತಿದ್ದರು. ನಾನು ಕೊಡುತ್ತಲೂ ಇದ್ದೆ. ಮುಖ ನೋಡಿ ಕೊಡುವುದು ಅಂದಮೇಲೆ ಸಾಮಾನು ಯಾವ ಅಂಗಡಿಯದಾದರೇನು.

ಹೀಗೆ ನಾವಿಬ್ಬರೂ ಕಿತ್ತಾಡುತ್ತಿರುವಾಗ ಹಾಸನದಲ್ಲಿ ಭಾರಿ ಅಂಗಡಿಯೊಂದು ಬಂತು. ಪೂರಾ ಗಾಜು, ಒಳಗೆ ತಣ್ಣಗೆ, ತಾನೇ ಮೇಲಕ್ಕೆ ಹೋಗುವ ಮೆಟ್ಟಿಲು. ಅದರ ಜೊತೆಗೆ ಫೋನಿನಲ್ಲೇ ಒತ್ತಿ ಮನೆಬಾಗಿಲಿಗೆ ತರಿಸಿಕೊಳ್ಳುವುದು ಬೇರೆ. ಶತ್ರುವಿನ ಬಲಾಬಲ ತಿಳಿಯಬೇಕೆಂದು ಒಂದು ಭಾನುವಾರ ನಾನೂ ನಮ್ಮ ಮನೆಯವರೂ ಹಾಸನಕ್ಕೆ ಹೋದೆವು. ಒಂದು ಸೌಟು ಕೊಂಡೆ. ಬಿಲ್ ಆಯಿತು, ದುಡ್ಡು ಕೊಟ್ಟೆ, ನಿಂತೆ. ಕೌಂಟರಿನ ಹುಡುಗಿ, "ಆಂಟಿ, ನೆಕ್ಸ್ಟ್" ಎಂದಳು. ನಾನು ಮುಖವನ್ನು ಬೇರೆ ಕಡೆ ತಿರುಗಿಸಿ ಇನ್ನೂ ಸ್ವಲ್ಪ ನಿಂತೆ. "ಏನಾದ್ರೂ ಬೇಕಿತ್ತಾ ಆಂಟಿ?" ಕೊಸರು ಅಂತ ಹೇಳಲು ನಾಲಿಗೆ ಬರಲಿಲ್ಲ. "ಮೇಲಿಂದ ಏನಾದ್ರೂ..." ಎಂದೆ. ಅವಳು ಪಾಪ ಮೇಲಕ್ಕೆ ನೋಡಿದಳು. ಆಮೇಲೆ ಹೊಳೆದು, "ಓ, ಪಾಯಿಂಟ್ಸಾ? ನಿಮ್ ಮೊಬೈಲಿಗೆ ಬರುತ್ತೆ ಆಂಟಿ" ಎಂದಳು. ನಮ್ಮ ಮನೆಯವರು ಅಷ್ಟು ದೂರದಲ್ಲಿ, ಈಕೆಗೂ ನನಗೂ ಸಂಬಂಧವಿಲ್ಲ ಅನ್ನುವ ಹಾಗೆ, ಸೂರಿನ ವೈರಿಂಗ್ ನೋಡುತ್ತ ನಿಂತಿದ್ದರು. ಪಾಯಿಂಟು ಬಂತು. ಅದನ್ನು ತಲೆಗೆ ಸಿಕ್ಕಿಸಿಕೊಳ್ಳಲು ಬರುವುದಿಲ್ಲ, ಬಾಯಿಗೆ ಹಾಕಿಕೊಳ್ಳಲೂ ಬರುವುದಿಲ್ಲ. ಆದರೆ ಜನ ಅಲ್ಲಿಗೇ ಹೋದರು. ಬಸ್ಸಿನಿಂದಿಳಿದು ನಮ್ಮಲ್ಲಿಗೆ ಬರುತ್ತಿದ್ದವರು ಅದೇ ಬಸ್ಸು ಹತ್ತಿ ಹಾಸನಕ್ಕೆ ಹೋಗತೊಡಗಿದರು. ಮಧ್ಯಾಹ್ನದ ಹೊತ್ತು ನಮ್ಮ ಅಂಗಡಿಯಲ್ಲಿ ನಾನು, ಎದುರಂಗಡಿಯಲ್ಲಿ ಅವರ ಕೌಂಟರಿನ ಪವಿತ್ರ, ರಸ್ತೆಯ ಆ ಕಡೆ ಈ ಕಡೆ ಒಬ್ಬರನ್ನೊಬ್ಬರು ನೋಡಿಕೊಂಡು ಕೂರುವ ಕಾಲ ಬಂತು. ಅವಳು ಆಕಳಿಸಿದರೆ ನನಗೂ ಆಕಳಿಕೆ ಬರುತ್ತಿತ್ತು.

ಒಂದು ದಿನ ತಿಮ್ಮಪ್ಪನವರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. "ನಾವು ಅವ್ರನ್ ನೋಡಿ ಕಮ್ಮಿ ಮಾಡುದೊ, ಅವ್ರು ನಮ್ಮುನ್ ನೋಡಿ ಕಮ್ಮಿ ಮಾಡುದ್ರು. ಕೊನೀಗೆ ಇಬ್ರೂವೆ ಕಮ್ಮಿ ಆಗೋದೊ. ಇನ್ ಒಬ್ಬೊಬ್ರೇ ನಿಂತ್ರೆ ಉಳಿಯಕ್ಕಿಲ್ಲ. ಒಂದಾಗ್ಬುಡ್ತೀವಿ ಕಣವ್ವ." ಹೀಗೆಂದವರು ದುಪ್ಪಟಿಯ ಮೇಲೆ ಲೋಟ ಹರಡಿ ಶುರುಮಾಡಿದ ಮನುಷ್ಯ.  ಹೆಸರನ್ನು ಬಿಟ್ಟುಕೊಡಲು ಇಬ್ಬರಿಗೂ ಮನಸ್ಸು ಬಾರದೆ, ಹೊಸ ಬೋರ್ಡಿನಲ್ಲಿ 'ಹತ್ತೂರು ಏಕದರ ಬಜಾರ್ ಭಂಡಾರ್' ಎಂದು ಬರೆಸಿದರು. ಅದು ಎಷ್ಟು ಉದ್ದವಾಯಿತೆಂದರೆ ಪಕ್ಕದ ಟೈಲರ್ ಅಂಗಡಿಯ ಹೆಸರು ಅರ್ಧ ಮುಚ್ಚಿಹೋಗಿ, ಅವನು ಬಂದು ಜಗಳವಾಡಿದ.

ನನ್ನ ತೊಂದರೆ ಶುರುವಾದದ್ದು ಇಲ್ಲಿಂದ. ಒಂದೇ ಬೀದಿಯಲ್ಲಿ ಒಂದೇ ಯಜಮಾನಿಕೆಯ ಎರಡು ಅಂಗಡಿ ಯಾಕೆ? ಎದುರಿನದನ್ನು ಮುಚ್ಚಿ ಸಾಮಾನನ್ನು ನಮ್ಮ ಕಟ್ಟಡಕ್ಕೆ ತಂದರು. ಸಾಮಾನಿನ ಜೊತೆ ಪವಿತ್ರಳೂ ಬಂದಳು. ಕೌಂಟರು ಒಂದೇ, ನಾವಿಬ್ಬರು. ಚನ್ನರಾಯಪಟ್ಟಣದಿಂದ ರಂಗನಾಥ್ ಅನ್ನುವವರು ಮ್ಯಾನೇಜರಾಗಿ ಬಂದು, ಗೌರಿಹಬ್ಬ ಕಳೆದ ಮೇಲೆ ಮಾಲೀಕರಿಬ್ಬರೂ ಕೂತು ಯಾರು ಇರಬೇಕು ಯಾರು ಹೋಗಬೇಕು ಅಂತ ತೀರ್ಮಾನ ಮಾಡುತ್ತಾರೆ, ಕೌಂಟರಿಗೆ ಒಬ್ಬರೇ ಸಾಕು ಎಂದರು. ಕೆಟ್ಟವರಲ್ಲ. ಹೇಳುವಾಗ ನನ್ನ ಮುಖ ನೋಡಲಾರದೆ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ಪವಿತ್ರ ವಯಸ್ಸಿನ ಹುಡುಗಿ, ಬೆರಳು ಮೆಷಿನ್ನಿನ ಮೇಲೆ ಓಡುತ್ತದೆ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳ ಬಿಲ್ ಆಚೆ ಬಂದಿರುತ್ತದೆ. ಸಂಬಳ ಹೋದರೆ ಕಷ್ಟವೇ, ಸುಳ್ಳು ಹೇಳುವುದಿಲ್ಲ. ಆದರೆ ನನಗೆ ಹೆಚ್ಚು ಹೆದರಿಕೆಯಾದದ್ದು ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಎಲ್ಲಿಗೆ ಹೋಗುವುದು ಅಂತ. ನನಗೆ ಗೊತ್ತಿರುವ ಜನವೆಲ್ಲ ಆ ಸ್ಟೂಲಿನ ಮೇಲೆ ಕೂತು ಗೊತ್ತಾದವರು.

ರಂಗನಾಥ್ ಮೊದಲು ಮಾಡಿದ ಕೆಲಸ ಡಬ್ಬವನ್ನು ಮುಚ್ಚಿಸಿದ್ದು. "ಜಯಮ್ಮೋರೆ, ತಪ್ ತಿಳ್ಕಬೇಡಿ. ಬಿಲ್ಲಿಲ್ದೆ ಒಂದು ಪಿನ್ನೂ ಬಾಗ್ಲು ದಾಟಂಗಿಲ್ಲ. ಕಂಪ್ಯೂಟರು ಒಪ್ಪಲ್ಲ" ಎಂದರು. ಡಬ್ಬ ಕೌಂಟರಿನ ಕೆಳಗೆ, ನನ್ನ ಚಪ್ಪಲಿಯ ಪಕ್ಕಕ್ಕೆ ಹೋಯಿತು. ಹಳ್ಳಿಯ ಹೆಂಗಸರು ಬಂದು, ಸ್ಟೂಲಿನ ಮೇಲೆ ಕೂತು, ಕಾದು, ನನ್ನನ್ನು ನೋಡಿ, ನಾನು ತಲೆ ತಗ್ಗಿಸುವುದನ್ನು ನೋಡಿ, ಎದ್ದು ಹೋಗುತ್ತಿದ್ದರು. ಬಯ್ದಿದ್ದರೆ ವಾಸಿಯಿತ್ತು. ಹೀಗಾದರೆ ಕೌಂಟರಿಗೆ ನಾನು ಬೇಡವೇ ಬೇಡ ಅಂತಾಗುತ್ತದೆ ಅನ್ನಿಸಿ, ನಾನು ತಲೆ ಓಡಿಸಿದೆ. ನನ್ನ ತಲೆ ಓಡುವುದು ಅಪರೂಪ, ಓಡಿದಾಗ ಗುಂಡಿಗೇ ಓಡುತ್ತದೆ. "ಸಾರ್, ಕೊಸರನ್ನೂ ಕಂಪ್ಯೂಟರಿಗೆ ಸೇರಿಸಿಬಿಡಿ. ಒಂದು ಪಿನ್ನು, ಒಂದು ಬೊಟ್ಟು, ಒಂದು ಚಾಕಲೇಟು ಹಾಕಿ ಪೊಟ್ಟಣ ಕಟ್ಟೋಣ. ಎಲ್ಲರಿಗೂ ಒಂದೇ ಥರ, ಬಿಲ್ಲಲ್ಲೂ ಬರಲಿ" ಎಂದೆ. ರಂಗನಾಥರಿಗೆ ಬಲು ಖುಷಿಯಾಯಿತು. 'ಪ್ರತಿ ಬಿಲ್ಲಿಗೂ ಕೊಸರು ಉಚಿತ' ಅಂತ ಬ್ಯಾನರ್ ಕಟ್ಟಿಸಿದರು. ಮನೆಯಲ್ಲಿ ನಾನು, ಇನ್ನು ನನ್ನ ಕುರ್ಚಿಗೆ ಮೋಸವಿಲ್ಲ ಅಂತ ಕೊಚ್ಚಿಕೊಂಡೆ. ನಮ್ಮ ಮನೆಯವರು ಅನುಮಾನದಿಂದ ನೋಡಿದರು.

ಹಬ್ಬದ ಮುಂಚಿನ ಜನಜಂಗುಳಿಯಲ್ಲಿ ಚಿಕ್ಕತಾಯಮ್ಮ ಬಂದರು. ಈಗ ಕೋಲು ಹಿಡಿದು ನಡೆಯುತ್ತಾರೆ, ಬಾಯಿ ಮಾತ್ರ ಹಾಗೆಯೇ ಇದೆ. ಒಂದು ಜೊತೆ ಮೊರ, ಒಂದು ಕುಪ್ಪಸದ ಕಣ ಕೊಂಡರು. ಪವಿತ್ರ ಬಿಲ್ ಹೊಡೆದು ಪೊಟ್ಟಣವನ್ನು ಮುಂದಿಟ್ಟಳು.

"ಇದೇನವ್ವ?"

"ಕೊಸರು ಅಜ್ಜಿ."

"ಚೀಟೀಲಿ ಬರ್ದೈತಾ?"

"ಬರ್ದೈತೆ. ಇಲ್ ನೋಡಿ, ಕೊಸರು, ಒಂದು."

ಚಿಕ್ಕತಾಯಮ್ಮ ಪೊಟ್ಟಣವನ್ನು ಮೊರದೊಳಗೆ ಹಾಕಿಕೊಂಡರು. ಸ್ಟೂಲಿನ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದು ಭದ್ರವಾಗಿ ಕೂತರು. "ಚೀಟೀಲಿ ಬಂದ್ಮೇಲೆ ಅದು ಸಾಮಾನು. ಸಾಮಾನೆಲ್ಲಾ ಸಿಕ್ತು. ಈಗ ಕೊಸರು ಕೊಡವ್ವ."

ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಅದುವರೆಗೆ ಪೊಟ್ಟಣ ತೆಗೆದುಕೊಂಡು ತೆಪ್ಪಗೆ ಹೋಗಿದ್ದ ಇಬ್ಬರು ಬಾಗಿಲಿನಿಂದ ವಾಪಸು ಬಂದರು. ಪವಿತ್ರ ನನ್ನನ್ನು ನೋಡಿದಳು. ನಾನು ರಂಗನಾಥರನ್ನು ನೋಡಿದೆ. ಅವರು ಬಂದು, ಅಜ್ಜಿ ಇದೇ ಕೊಸರು, ಇದಕ್ಕೆ ದುಡ್ಡಿಲ್ಲ ಅಂತ ತಿಳಿಹೇಳಿದರು. "ದುಡ್ಡಿಲ್ದಿದ್ರೆ ಎಲ್ರಿಗೂ ಯಾಕಪ್ಪ ಕೊಟ್ಟೀಯ? ಎಲ್ರಿಗೂ ಕೊಡೋದ್ನ ನಂಗೂ ಕೊಟ್ರೆ ನನ್ ಮಕ ನೋಡ್ದಂಗಾಯ್ತದಾ?" ಎಂದರು ಚಿಕ್ಕತಾಯಮ್ಮ, ಕೋಪವಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳುವವರ ಹಾಗೆ. ಆ ಹಬ್ಬದುದ್ದಕ್ಕೂ ನಾವು ಪೊಟ್ಟಣವನ್ನೂ ಕೊಟ್ಟೆವು, ಪೊಟ್ಟಣದ ಮೇಲೊಂದು ಕೊಸರನ್ನೂ ಕೊಟ್ಟೆವು. ಅರಕಲಗೂಡಿನ ಶಾಖೆಯಿಂದ ಫೋನು ಬಂತು, ಅಲ್ಲೂ ಅದೇ ಕಥೆಯಂತೆ. ರಂಗನಾಥ್ ತಾವೇ ನಿಂತು ಬ್ಯಾನರ್ ಬಿಚ್ಚಿಸಿದರು. ಸಂಜೆ ಕಂಪ್ಯೂಟರಿನ ಪರದೆ ತೋರಿಸಿ, "ನಿಮ್ ಬಿಲ್ಲುಗಳೆಲ್ಲ ಪವಿತ್ರನ್ ಬಿಲ್ಲಿಗಿಂತ ಬಾಳ ನಿಧಾನ ಆಗ್ತಾವೆ ಜಯಮ್ಮೋರೆ. ನಾನು ಇದ್ನ ಮುಚ್ಚಿಡಕ್ಕಾಗಲ್ಲ" ಎಂದರು ಅಷ್ಟೇ. ಮನೆಗೆ ಬಂದು ಅನ್ನಕ್ಕಿಟ್ಟು, ಒಲೆ ಹಚ್ಚುವುದನ್ನು ಮರೆತು ಕೂತಿದ್ದೆ. ನಮ್ಮ ಮನೆಯವರು ಅವತ್ತು ಆಡಿಕೊಳ್ಳಲಿಲ್ಲ. ತಾವೇ ಒಲೆ ಹಚ್ಚಿದರು.

ಹಬ್ಬ ಕಳೆದ ಮೇಲೆ ಮಾಲೀಕರು ಬಂದರು. ಆಫೀಸು ಕೋಣೆಯ ತುಂಬ ಎದುರಂಗಡಿಯ ಸಾಮಾನು ತುಂಬಿದ್ದರಿಂದ, ನನ್ನ ಕೌಂಟರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಮರಿಯಪ್ಪನವರನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಮುಖದಲ್ಲಿ ಏಕದರದ ಬಿಗಿ. ಜಂಟಿ ವ್ಯಾಪಾರಕ್ಕೆ ಯಾರು ಏನೇನು ಬಿಟ್ಟುಕೊಡಬೇಕು ಅಂತ ಒಂದೊಂದಾಗಿ ತೀರ್ಮಾನವಾಯಿತು. ಅರಕಲಗೂಡಿನ ಕಟ್ಟಡ, ಹಾಸನದ ಶಾಖೆ, ಸಾಮಾನು ಸಾಗಿಸುವ ವ್ಯಾನು, ಕೊನೆಗೆ ಆಳೆತ್ತರದ ಕನ್ನಡಿ. ಆಮೇಲೆ ರಂಗನಾಥ್ ಕೆಲಸದವರ ಹೆಸರು ಓದಿದರು. ಹೊಳೆನರಸೀಪುರದ ಕೌಂಟರಿಗೆ ಪವಿತ್ರ. ನನ್ನ ಹೆಸರು ಬರಲೇ ಇಲ್ಲ. ತಿಮ್ಮಪ್ಪನವರು ಒಂದು ಸಲ ನನ್ನ ಕಡೆ ನೋಡಿ ಪೆನ್ನು ಎತ್ತಿಕೊಂಡರು. ಮೇಜಿನ ಮೇಲೆ ರುಜುವೂ ಆಯಿತು. ನಾನು ಕಾಲಿನ ಹತ್ತಿರವಿದ್ದ ಡಬ್ಬವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಗಿಣಿಯ ಸವೆದ ಮೂಗನ್ನೇ ನೋಡುತ್ತ ಕೂತೆ. ಅಳಬಾರದು ಅಂತ ಅದನ್ನು ನೋಡುತ್ತಿದ್ದೆ.

ಕಾಫಿ ಬಂತು, ಕುಡಿದರು. ತಿಮ್ಮಪ್ಪನವರು ಎದ್ದರು, ರಂಗನಾಥ್ ಎದ್ದರು. ಮರಿಯಪ್ಪನವರು ಏಳಲಿಲ್ಲ. ನಾನು ತಲೆಯೆತ್ತಿ ನೋಡಿದೆ. ಅವರ ಒಂದು ಕೈ ಮಂಡಿಯ ಮೇಲಿತ್ತು, ಇನ್ನೊಂದು ಕೈ ಮೇಜಿನ ಅಂಚಿನ ಮೇಲಿತ್ತು. ಮುಖ ಮಾತ್ರ ದೂರದಲ್ಲಿ ನೇತುಹಾಕಿದ್ದ ಸ್ಕೂಲ್ ಬ್ಯಾಗುಗಳ ಕಡೆಗಿತ್ತು.  ಹಳೇಕೋಟೆ ಸಂತೆಯಲ್ಲಿ ನನ್ನ ತಾಯಿ ಕೂರುತ್ತಿದ್ದ ಭಂಗಿ, ಒಂದು ಬೆರಳು ಆಚೀಚೆಯಾಗಿರಲಿಲ್ಲ. ಕೊಸರು ಕೇಳಬೇಡಿ ಎಂದು ಬೋರ್ಡು ಬರೆಸಿದ ಮನುಷ್ಯ ಕೊಸರಿಗೆ ಕೂತಿದ್ದರು!

ತಿಮ್ಮಪ್ಪನವರಿಗೂ ಗೊತ್ತಾಯಿತು. ತಿಂಗಳುಗಟ್ಟಲೆ ಬಾಡಿದ್ದ ಅವರ ಮುಖದಲ್ಲಿ ಸಂತೆಯ ಕಳೆ ಬಂತು. ಅವರು ಮತ್ತೆ ಕೂತರು. "ಇನ್ನೇನ್ ಐತೆ ಮರಿಯಪ್ಪೋರೆ? ಎಲ್ಲಾ ಕೊಟ್ಟಾಯ್ತಲ್ಲ."

"ನಾನೇನಾರ ಕೇಳುದ್ನಾ? ಕಾಲು ಜೋಮು ಇಡ್ದೈತೆ, ಕುಂತಿವ್ನಿ."

"ಕನ್ನಡೀನೂ ಕೊಟ್ಟಾಯ್ತು ಕಣ್ರೀ. ಇನ್ ನನ್ತಾವ ಏನೂ ಇಲ್ಲ."

"ಅದುಕ್ಕೇನು, ಜೋಮು ಬುಟ್ಟ್ಮೇಲೆ ಓಯ್ತೀನಿ ಬುಡಿ."

ತಿಮ್ಮಪ್ಪನವರು ನಿಟ್ಟುಸಿರು ಬಿಟ್ಟರು. ಅಂಗಡಿಯ ಸುತ್ತ ಕಣ್ಣಾಡಿಸಿದರು, ಕಪಾಟು ನೋಡಿದರು, ಸೂರು ನೋಡಿದರು, ಇಲ್ಲದ ಡಬ್ಬದಲ್ಲಿ ಕೈಯಾಡಿಸಿ ಹುಡುಕಿದ ಹಾಗೆ. ಕೊನೆಗೆ ಅವರ ಕಣ್ಣು ನನ್ನ ಮೇಲೆ ಬಿತ್ತು. "ಅಂಗಾರೆ ತಗಳಿ, ನಮ್ ಜಯಮ್ಮನ್ನೂ ಸೇರ್ಸ್ಕಳಿ. ಲೆಕ್ಕುಕ್ಕಲ್ಲ. ನಮ್ ನಿಮ್ ಮಕುಕ್ಕೆ."

ಮರಿಯಪ್ಪನವರು ನಿಧಾನವಾಗಿ ತಿರುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಚಿಕ್ಕತಾಯಮ್ಮ ಬಾಚಣಿಗೆಯ ಹಲ್ಲು ನೋಡುತ್ತಿದ್ದ ನೋಟ ಅದು. ರಂಗನಾಥ್ ಕೆಮ್ಮಿ, "ಸಾ, ಆದ್ರೆ ಕೌಂಟ್ರಿಗೆ ಪೋಸ್ಟು ಒಂದೇ..." ಎಂದರು.

"ಕೊಸರಿಗೆ ಯಾವ್ ಪೋಸ್ಟ್ಲಾ?" ಎಂದರು ಮರಿಯಪ್ಪನವರು. ಆದರೂ ಏಳಲಿಲ್ಲ. ನನ್ನ ಮಡಿಲಿನ ಕಡೆ ನೋಡಿ, "ಇಷ್ಟೇನಾ?" ಎಂದರು. ಮತ್ತೆ ಮುಖವನ್ನು ಬ್ಯಾಗುಗಳ ಕಡೆ ತಿರುಗಿಸಿದರು. ತಿಮ್ಮಪ್ಪನವರು ಇಲ್ಲ ಇಲ್ಲ ಎನ್ನುತ್ತಲೇ ನನ್ನ ಕೈಯಿಂದ ಡಬ್ಬವನ್ನು ತೆಗೆದು, ಒಮ್ಮೆ ಗಲಗಲ ಅನ್ನಿಸಿ, ಅವರ ಮುಂದಿಟ್ಟರು. ಮರಿಯಪ್ಪನವರ ಕಾಲಿನ ಜೋಮು ಬಿಟ್ಟಿತು. ಎದ್ದು ನಿಂತು, ತಿಮ್ಮಪ್ಪನವರ ಮೊಮ್ಮಕ್ಕಳ ಯೋಗಕ್ಷೇಮ ವಿಚಾರಿಸಿದರು.

ಮನೆಗೆ ಬಂದು ಹೇಳಿದಾಗ ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ನಮ್ಮ ಮನೆಯವರಂತೂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಜೀವಮಾನವೆಲ್ಲ ಊರವರ ಹತ್ರ ಕೊಸರು ಕೇಳಿದ್ದಕ್ಕೆ ನಿನ್ನನ್ನೇ ಎತ್ತಿ ಕೊಸರಿಗೆ ಹಾಕಿದ್ರಲ್ಲೇ" ಎಂದರು. ಈಗ ಕೌಂಟರಿನಲ್ಲಿ ಪವಿತ್ರ ಬಿಲ್ ಹೊಡೆಯುತ್ತಾಳೆ. ಅವಳ ಪಕ್ಕದಲ್ಲಿ ನಾನು, ನನ್ನ ಮುಂದೆ ಡಬ್ಬ. ಸಂಬಳ ಮೊದಲಿನಷ್ಟೇ ಬರುತ್ತದೆ, ಯಾವ ಪೋಸ್ಟಿನ ಹೆಸರಿನಲ್ಲಿ ಅಂತ ನಾನೂ ಕೇಳಿಲ್ಲ, ರಂಗನಾಥರೂ ಹೇಳಿಲ್ಲ. ಹಾಸನದ ಗಾಜಿನ ಅಂಗಡಿ ಇನ್ನೂ ಅಲ್ಲೇ ಇದೆ, ನಮ್ಮ ಉದ್ದ ಬೋರ್ಡಿನ ಅಂಗಡಿ ಎಷ್ಟು ದಿನವೋ ದೇವರೇ ಬಲ್ಲ. ಸದ್ಯಕ್ಕಂತೂ ಸ್ಟೂಲು ಖಾಲಿ ಇರುವುದಿಲ್ಲ. ಬೆಳಿಗ್ಗೆ ತಲೆ ಬಾಚಿಕೊಂಡು ಹೋಗಲು ನನಗೊಂದು ಜಾಗವಿದೆ.

ಒಂದು ವಿಷಯ ಮಾತ್ರ ಆಗಾಗ ಚುಚ್ಚುತ್ತದೆ. ಬೆಳಿಗ್ಗೆ ಡಬ್ಬದ ಗಿಣಿಯನ್ನು ಒರೆಸುವಾಗ ನೆನಪಾಗುತ್ತದೆ. ಇದನ್ನು ನಮ್ಮ ಮನೆಯವರಿಗೆ ಹೇಳಿಲ್ಲ, ಹೇಳಿದರೆ ಕಂಬದ ಮೇಲಿಂದಲೂ ಕೂಗಿ ಆಡಿಕೊಳ್ಳುತ್ತಾರೆ. ನನ್ನನ್ನು ಕೊಟ್ಟಾಗ ಮರಿಯಪ್ಪನವರ ಜೋಮು ಬಿಟ್ಟಿರಲಿಲ್ಲ. ಅವರು ಎದ್ದದ್ದು ಡಬ್ಬ ಕೊಟ್ಟ ಮೇಲೆ.